ಕಂದೀಲು ಹಿಡಿದಾಕೆಯ ಲೆಕ್ಕದ ಪುಸ್ತಕ

ನಮ್ಮಕ್ಕ ನರ್ಸಿಂಗ್ ಕಲಿಯಲು ಸೇರಿದ ವರ್ಷ ಅವರ ಕಾಲೇಜಿನಲ್ಲಿ ದೀಪ ಹಚ್ಚುವ ಸಮಾರಂಭವಿತ್ತು. ಬಿಳಿ ಬಟ್ಟೆ ತೊಟ್ಟ ಹುಡುಗಿಯರು ಸಾಲಾಗಿ ನಿಂತು, ಒಬ್ಬರ ದೀಪದಿಂದ ಇನ್ನೊಬ್ಬರು ಹಚ್ಚಿಕೊಂಡು ಪ್ರತಿಜ್ಞೆ ಮಾಡಿದರು. ವೇದಿಕೆಯ ಮೇಲೆ ಫ್ಲಾರೆನ್ಸ್ ನೈಟಿಂಗೇಲಳ ಚಿತ್ರ, ಅದಕ್ಕೊಂದು ಮಲ್ಲಿಗೆ ಮಾಲೆ. ಚಿತ್ರದಲ್ಲಿ ಆಕೆಯ ಕೈಯೊಳಗೆ ನಮ್ಮ ಹಣತೆಯಂಥದೇ ಒಂದು ಎಣ್ಣೆದೀಪ. ಸಮಾರಂಭಗಳೆಂದರೆ ಮಾರುದೂರ ಓಡುವ ನಮ್ಮಪ್ಪ ಅವತ್ತು ಕೋಟಿನ ಮೇಲೆ ಮೆಡಲು ಸಿಕ್ಕಿಸಿಕೊಂಡು ಮುಂದಿನ ಸಾಲಿನಲ್ಲೇ ಕೂತಿದ್ದರು. ಅಪ್ಪ ಫೌಜಿನಲ್ಲಿ ಇಪ್ಪತ್ತೆರಡು ವರ್ಷ ಇದ್ದವರು. ಬೆಳಗಾವಿಯಲ್ಲಿ ಭರ್ತಿಯಾಗಿ, ಊರೂರು ತಿರುಗಿ, ಕೊನೆಗೆ ಪುಣೆಯ ಖಡಕಿಯಲ್ಲಿ ನೆಲೆನಿಂತವರು. ಮನೆಗೆ ಬರುವಾಗ ಅವರು ಕೇಳಿದ್ದು ಒಂದೇ ಮಾತು. ಅಲ್ಲಪಾ, ಅಷ್ಟು ದೊಡ್ಡ ದಂಡಿನ ದವಾಖಾನಿಯೊಳಗ ಗಾಳಿಗೆ ಆ ದೀಪ ಆರೂದಿಲ್ಲೇನು ಅಂತ.

ನನಗೆ ಉತ್ತರ ಗೊತ್ತಿರಲಿಲ್ಲ. ನಾನು ಸಂಖ್ಯಾಶಾಸ್ತ್ರದ ವಿದ್ಯಾರ್ಥಿ. ನೈಟಿಂಗೇಲ್ ಅಂದರೆ ಅಕ್ಕನ ಕಡೆಯವಳು, ನನ್ನ ಕಡೆಯವಳಲ್ಲ ಅಂದುಕೊಂಡಿದ್ದೆ. ಆಮೇಲೆ ಓದಿ ನೋಡಿದರೆ ಎರಡೂ ತಪ್ಪಾಯಿತು. ಆಕೆ ಹಿಡಿದದ್ದು ಹಣತೆಯಲ್ಲ, ತುರ್ಕರು ಫಾನೂಸ್ ಅನ್ನುವ ಮಡಿಚುವ ಕಂದೀಲು. ಸುತ್ತ ಬಟ್ಟೆಯ ಮರೆ ಇರುವುದರಿಂದ ಗಾಳಿಗೆ ಆರುವುದಿಲ್ಲ. ಇನ್ನು ಕಂದೀಲು ಕೆಳಗಿಟ್ಟ ಮೇಲೆ ಐವತ್ತು ವರ್ಷ ಆಕೆ ಮಾಡಿದ ಕೆಲಸ ನೋಡಿದರೆ ಆಕೆ ನನ್ನ ಕಡೆಯವಳೇ. 1858ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘಕ್ಕೆ ಆಯ್ಕೆಯಾದ ಮೊದಲ ಹೆಂಗಸು ಆಕೆ. ನಮ್ಮ ಸಂಘದ ಗೆಳೆಯರು ಈ ಸಲದ ಸಂಚಿಕೆಗೆ ಯಾರದಾದರೂ ಜೀವನಚರಿತ್ರೆ ಬರೆದುಕೊಡು ಎಂದು ಬೆನ್ನು ಹತ್ತಿದಾಗ ಆಕೆಯನ್ನೇ ಆರಿಸಿಕೊಂಡೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದರಲ್ಲಿ ಆಕೆಯಷ್ಟೇ ಸಿಪಾಯಿಗಳೂ ಬರುತ್ತಾರೆ, ಯಾಕೆಂದರೆ ಅವರನ್ನು ಬಿಟ್ಟು ಆಕೆಯ ಕತೆ ಹೇಳಲು ನನಗಂತೂ ಆಗಲಿಲ್ಲ.

ಹುಟ್ಟಿದ್ದು 1820ರ ಮೇ 12ರಂದು, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ಊರಿನ ಹೆಸರೇ ಮಗುವಿಗೆ. ಮನೆ ಶ್ರೀಮಂತರದು. ಇಂಗ್ಲೆಂಡಿನಲ್ಲಿ ಎರಡೆರಡು ದೊಡ್ಡ ಬಂಗಲೆಗಳು. ತಂದೆ ತಾನೇ ಕೂತು ಇಬ್ಬರು ಹೆಣ್ಣುಮಕ್ಕಳಿಗೂ ಗ್ರೀಕ್, ಲ್ಯಾಟಿನ್, ಇತಿಹಾಸ ಕಲಿಸಿದ. ಫ್ಲಾರೆನ್ಸಳಿಗೆ ಚಿಕ್ಕಂದಿನಿಂದಲೂ ಪಟ್ಟಿ ಮಾಡುವ ಹುಚ್ಚು, ಗಣಿತದ ಹುಚ್ಚು. ನರ್ಸ್ ಆಗುತ್ತೇನೆ ಅಂದಾಗ ಮನೆಯಲ್ಲಿ ರಾದ್ಧಾಂತವೇ ಆಯಿತು. ಆಗಿನ ಆಸ್ಪತ್ರೆಯ ದಾದಿ ಅಂದರೆ ಕುಡುಕಿ, ಗತಿಗೆಟ್ಟವಳು ಎಂದು ಜನ ತಿಳಿದಿದ್ದ ಕಾಲ ಅದು. ಒಳ್ಳೆಯ ವರ ಬಂದರೂ ಬೇಡವೆಂದಳು. ಮೂವತ್ತು ದಾಟಿದ ಮೇಲೆ 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ಥಿಗೆ ಹೋಗಿ ಮೂರು ತಿಂಗಳು ಕೆಲಸ ಕಲಿತಳು. 1853ರಲ್ಲಿ ಲಂಡನ್ನಿನ ಹಾರ್ಲೆ ಸ್ಟ್ರೀಟಿನ ಒಂದು ಚಿಕ್ಕ ಆಸ್ಪತ್ರೆಯ ಮೇಲ್ವಿಚಾರಕಿಯಾದಳು. ಆ ದಿನಗಳಲ್ಲಿ ಆಕೆ ಒಂದು ಗೂಬೆ ಮರಿ ಸಾಕಿದ್ದಳು, ಜೇಬಿನಲ್ಲಿ ಇಟ್ಟುಕೊಂಡೇ ಓಡಾಡುತ್ತಿದ್ದಳಂತೆ. ನಮ್ಮಲ್ಲಿ ಗೂಬೆ ಅಂದರೆ ಬೈಗುಳ, ಅಲ್ಲಿ ವಿದ್ಯೆಯ ಗುರುತು.

ಇನ್ನು ಸಿಪಾಯಿಗಳ ಕಡೆ ಬರೋಣ.

1854ರಲ್ಲಿ ಇಂಗ್ಲೆಂಡ್ ಮತ್ತು ಫ್ರಾನ್ಸ್ ತುರ್ಕಿಯ ಪಕ್ಷ ಹಿಡಿದು ರಷ್ಯದ ಮೇಲೆ ಯುದ್ಧಕ್ಕೆ ಹೊರಟವು. ಸೆಪ್ಟೆಂಬರಿನಲ್ಲಿ ಸೈನ್ಯ ಕ್ರಿಮಿಯದ ದಂಡೆಗೆ ಇಳಿಯಿತು. ಇಳಿಯುವಾಗ ಬೆನ್ನುಚೀಲಗಳನ್ನು ಹಡಗಿನಲ್ಲೇ ಬಿಡಲು ಹುಕುಂ ಆಯಿತು, ಕಾಲರಾದಿಂದ ಸುಸ್ತಾದ ಜನ ಭಾರ ಹೊರಲಾರರು ಎಂದು. ಬದಲಿ ಅಂಗಿ, ಚಮಚ, ಕತ್ತರಿ, ಎಲ್ಲ ಆ ಚೀಲದಲ್ಲೇ. ಎಷ್ಟೋ ಜನರಿಗೆ ಅದು ಮತ್ತೆ ಸಿಗಲೇ ಇಲ್ಲ. ದಾರಿಯಲ್ಲಿ ಅಡುಗೆಯ ಪಾತ್ರೆಗಳನ್ನೂ ಭಾರವೆಂದು ಬಹಳ ಜನ ಎಸೆದರು. ಹೀಗೆ ಚೀಲವಿಲ್ಲದ, ಪಾತ್ರೆಯಿಲ್ಲದ ಸೈನ್ಯ ಸೆಬಾಸ್ಟೊಪೋಲ್ ಕೋಟೆಯ ಎದುರಿನ ದಿಣ್ಣೆಯ ಮೇಲೆ ಚಳಿಗಾಲಕ್ಕೆ ಡೇರೆ ಹೊಡೆಯಿತು.

ಅಲ್ಲಿಯ ಒಬ್ಬ ಸಾದಾ ಸಿಪಾಯಿಯ ಒಂದು ದಿನ ನೋಡಿರಿ. ರಾತ್ರಿಯಿಡೀ ಕಂದಕದಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ಪಹರೆ. ಬೆಳಿಗ್ಗೆ ಡೇರೆಗೆ ಬಂದರೆ ಒಳಗೂ ಕೆಸರೇ. ಗಂಟೆಯಾಕಾರದ ಒಂದು ಡೇರೆಯಲ್ಲಿ ಹತ್ತು ಹನ್ನೆರಡು ಜನ, ಎಲ್ಲರ ಕಾಲು ನಡುಗಂಬದ ಕಡೆ, ತಲೆ ಹೊರಗಿನ ಕಡೆ, ಗಾಡಿ ಚಕ್ರದ ಅರೆಗಳಿದ್ದ ಹಾಗೆ. ಹಾಸಲು ಹೊದೆಯಲು ಎರಡಕ್ಕೂ ಒಂದೇ ಒದ್ದೆ ಕೋಟು. ಬೂಟು ಬಿಚ್ಚುವಂತಿಲ್ಲ, ಬಿಚ್ಚಿದರೆ ಬಾತ ಕಾಲಿಗೆ ಮತ್ತೆ ಏರುವುದಿಲ್ಲ. ಮೈತುಂಬ ಹೇನು. ರೇಷನ್ ಎಂದು ಉಪ್ಪು ಹಾಕಿದ ಮಾಂಸ, ಕಲ್ಲಿನಂಥ ಬಿಸ್ಕೀಟು ಕೊಡುತ್ತಿದ್ದರು, ಆದರೆ ಬೇಯಿಸಲು ಕಟ್ಟಿಗೆ ಕೊಡುತ್ತಿರಲಿಲ್ಲ. ಸುತ್ತಲ ಗಿಡಗಳೆಲ್ಲ ಮುಗಿದ ಮೇಲೆ ಬೇರು ಅಗೆದು ತಂದರು. ಅದೂ ಮುಗಿದ ಮೇಲೆ ಹಂದಿಮಾಂಸವನ್ನು ಹಸಿಯಾಗಿಯೇ ತಿಂದರು.

ನನ್ನನ್ನು ಎಲ್ಲಕ್ಕಿಂತ ಕಾಡಿದ್ದು ಕಾಫಿಯ ಸಂಗತಿ. ಆ ಚಳಿಯಲ್ಲಿ ಸಿಪಾಯಿಗೆ ಸರಕಾರ ಕೊಟ್ಟದ್ದು ಹಸಿ ಕಾಫಿ ಬೀಜ! ಹುರಿದದ್ದೂ ಅಲ್ಲ, ಪುಡಿ ಮಾಡಿದ್ದೂ ಅಲ್ಲ. ಹುರಿಯಲು ಬೆಂಕಿ ಇಲ್ಲ, ಬೀಸಲು ಯಂತ್ರ ಇಲ್ಲ. ಬುದ್ಧಿವಂತರು ತಗಡಿನ ಡಬ್ಬಿಯ ಮುಚ್ಚಳದಲ್ಲಿ ಬಾಡಿಸಿ, ಫಿರಂಗಿ ಗುಂಡಿನಿಂದ ಜಜ್ಜಿ ನೀರಿಗೆ ಹಾಕಿ ಕುಡಿದರು. ಉಳಿದವರು ಬೀಜ ಚೆಲ್ಲಿ, ಅಂದಿನ ಪಾಲಿನ ರಮ್ ಕುಡಿದು ಮಲಗಿದರು. ಕಾಫಿ ಬೀಜ ಹುರಿಯುವ ವಾಸನೆಗೇ ಎಚ್ಚರವಾಗುವ ಜನ ನಾವು, ನಮಗೆ ಇದರ ಕಷ್ಟ ಬೇಗ ಅರ್ಥವಾಗುತ್ತದೆ ಅನ್ನಿಸುತ್ತದೆ.

ನವೆಂಬರ್ 14ರ ಬಿರುಗಾಳಿಗೆ ಬಾಲಕ್ಲಾವಾ ಬಂದರಿನ ಹೊರಗೆ ನಿಂತಿದ್ದ ಹಡಗುಗಳು ಒಡೆದವು. ಬೆಚ್ಚನೆಯ ಬಟ್ಟೆ ತುಂಬಿಕೊಂಡು ಬಂದಿದ್ದ ಪ್ರಿನ್ಸ್ ಎಂಬ ಹಡಗು ಮುಳುಗಿತು. ಅದು ದೈವದ ಆಟ ಅನ್ನೋಣ. ಆದರೆ ಡಿಸೆಂಬರಿನಲ್ಲಿ ನಿಂಬೆರಸ ಬಂದು ಬಂದರಿನಲ್ಲೇ ಬಿದ್ದಿತ್ತು, ಮೇಲೆ ದಿಣ್ಣೆಯಲ್ಲಿ ಜನ ಸ್ಕರ್ವಿ ರೋಗದಿಂದ ಒಸಡು ಕೊಳೆತು ಬೀಳುತ್ತಿದ್ದರು. ನಿಂಬೆರಸ ನಿತ್ಯದ ರೇಷನ್ನಿನ ಪಟ್ಟಿಯಲ್ಲಿ ಇರಲಿಲ್ಲವಾದ್ದರಿಂದ ಫೆಬ್ರವರಿಯವರೆಗೆ ಹಂಚಲಿಲ್ಲ. ಬಂದರಿನಿಂದ ದಂಡಿಗೆ ಆರೇಳು ಮೈಲಿ ದಾರಿ, ಅಷ್ಟೇ. ಇದಕ್ಕೆ ಯಾವ ದೈವವನ್ನು ದೂರೋಣ?

ಜಡ್ಡಾದವರನ್ನು ಹಡಗಿನಲ್ಲಿ ತುಂಬಿ ಕಪ್ಪು ಸಮುದ್ರ ದಾಟಿಸಿ, ಇಸ್ತಾಂಬುಲಿನ ಎದುರು ದಂಡೆಯ ಸ್ಕುಟಾರಿಗೆ ಕಳಿಸುತ್ತಿದ್ದರು. ಅಲ್ಲಿ ತುರ್ಕರ ಒಂದು ಭಾರಿ ಬ್ಯಾರಕ್ಕೇ ಆಸ್ಪತ್ರೆ. ಟೈಮ್ಸ್ ಪತ್ರಿಕೆಯಲ್ಲಿ ಅಲ್ಲಿಯ ದುರವಸ್ಥೆ ಅಚ್ಚಾಗಿ ಇಂಗ್ಲೆಂಡಿನ ಜನ ಸಿಟ್ಟಿಗೆದ್ದರು. ಯುದ್ಧ ಖಾತೆಯ ಸಿಡ್ನಿ ಹರ್ಬರ್ಟ್ ತನ್ನ ಸ್ನೇಹಿತೆ ಫ್ಲಾರೆನ್ಸಳಿಗೆ ಕಾಗದ ಬರೆದ. 38 ಜನ ದಾದಿಯರನ್ನು ಕಟ್ಟಿಕೊಂಡು ಆಕೆ 1854ರ ನವೆಂಬರ್ 4ರಂದು ಸ್ಕುಟಾರಿ ತಲುಪಿದಳು.

ಅಲ್ಲಿ ಆಕೆ ರಾತ್ರಿ ಸುತ್ತು ಹಾಕಿದ್ದು, ಸಾಯುವವರ ಹತ್ತಿರ ಕೂತದ್ದು, ಅವರ ಪರವಾಗಿ ಮನೆಗೆ ಕಾಗದ ಬರೆದದ್ದು ಎಲ್ಲ ನಿಜ. ಆದರೆ ಹಗಲಿನ ಕೆಲಸ ಹೆಚ್ಚಾಗಿ ಉಗ್ರಾಣದ ಕೆಲಸ. ನೆಲ ತಿಕ್ಕುವ ಬ್ರಶ್ಶು ತರಿಸಿದಳು. ಒಂದು ಮನೆ ಬಾಡಿಗೆಗೆ ಹಿಡಿದು, ಹಂಡೆ ಹೂಡಿಸಿ, ಸಿಪಾಯಿಗಳ ಹೆಂಡಿರಿಂದ ಬಟ್ಟೆ ಒಗೆಸಿದಳು. ಅಲ್ಲಿಯ ಅಡುಗೆಮನೆಯ ರೀತಿ ಕೇಳಿದರೆ ನಗು ಬರುತ್ತದೆ, ಆಮೇಲೆ ಸಂಕಟವಾಗುತ್ತದೆ. ದೊಡ್ಡ ಹದಿಮೂರು ತಾಮ್ರದ ಹಂಡೆಗಳು. ಒಬ್ಬೊಬ್ಬ ಆಳೂ ತನ್ನ ವಾರ್ಡಿನ ಮಾಂಸದ ತುಂಡಿಗೆ ಗುರುತಿಗೆಂದು ಹಳೇ ಗುಂಡಿ, ಚಿಂದಿ ಬಟ್ಟೆ, ಏನೋ ಒಂದು ಕಟ್ಟಿ ಹಂಡೆಗೆ ಬಿಡುವುದು. ಬೆಂದಿತೋ ಇಲ್ಲವೋ, ಹೊತ್ತಾಯಿತು ಎಂದು ಎತ್ತಿಕೊಂಡು ಹೋಗುವುದು. ಅದೇ ಹಂಡೆಯಲ್ಲಿ ಆಮೇಲೆ ಚಹ! ರೋಗಿಗೆ ಅಂಗಿ ಬೇಕೆಂದರೆ ಉಗ್ರಾಣದವರು, ನಿಯಮದ ಪ್ರಕಾರ ಸಿಪಾಯಿ ತನ್ನ ಚೀಲದಲ್ಲಿ ಅಂಗಿ ತರಬೇಕು, ನಾವು ಕೊಡುವಂತಿಲ್ಲ ಅನ್ನುತ್ತಿದ್ದರು. ಆ ಚೀಲ ಹಡಗಿನಲ್ಲಿ ಉಳಿದುಹೋದ ಚೀಲ. ಇಂಗ್ಲೆಂಡಿನಿಂದ 27,000 ಅಂಗಿ ಬಂದು ಇಳಿದಾಗಲೂ, ಕಮಿಟಿ ಕೂತು ನೋಡದೆ ಗಂಟು ಬಿಚ್ಚುವಂತಿಲ್ಲ ಎಂದು ಮೂರು ವಾರ ಹಾಗೇ ಇಟ್ಟರು. ಆಕೆ ತನ್ನ ಹತ್ತಿರ ಕೂಡಿದ್ದ ದೇಣಿಗೆ ಹಣದಿಂದ ಪೇಟೆಯಲ್ಲಿ ಕೊಂಡು ತಂದು ಕೊಟ್ಟಳು. ಅಧಿಕಾರಿಗಳಿಗೆ ಆಕೆಯನ್ನು ಕಂಡರೆ ಆಗದಿದ್ದುದು ಸಹಜವೇ.

ಸಿಪಾಯಿಯ ಪಗಾರ ದಿನಕ್ಕೆ ಒಂದು ಶಿಲ್ಲಿಂಗ್, ಅಂದರೆ ಹನ್ನೆರಡು ಪೆನ್ನಿ. ಗಾಯಗೊಂಡು ಆಸ್ಪತ್ರೆ ಸೇರಿದರೆ ನಾಲ್ಕೂವರೆ ಪೆನ್ನಿ ಕಡಿತ, ರೋಗದಿಂದ ಸೇರಿದರೆ ಒಂಬತ್ತು ಪೆನ್ನಿ ಕಡಿತ. ಕಂದಕದ ಕೆಸರಿನಲ್ಲಿ ನಿಂತು ರಕ್ತಭೇದಿ ಹಚ್ಚಿಕೊಂಡದ್ದು ಅವನದೇ ತಪ್ಪು ಅನ್ನುವ ಹಾಗೆ. ಆಕೆ ಇದನ್ನು ರಾಣಿಯವರೆಗೆ ಮುಟ್ಟಿಸಿ ಎರಡೂ ಸಮ ಮಾಡಿಸಿದಳು. ಇನ್ನೊಂದು, ಸಿಪಾಯಿಯ ಕೈಗೆ ದುಡ್ಡು ಬಂದರೆ ಕುಡಿದು ಹಾಳು ಮಾಡುತ್ತಾನೆ ಎಂಬುದು ಅಧಿಕಾರಿಗಳ ನಂಬಿಕೆ. ಮನೆಗೆ ಕಳಿಸಲು ದಾರಿಯೇ ಇಲ್ಲವಲ್ಲ, ಇನ್ನೇನು ಮಾಡಿಯಾನು ಎಂಬುದು ಆಕೆಯ ವಾದ. ಮೊದಲು ತಾನೇ ಕೂತು ದುಡ್ಡು ತೆಗೆದುಕೊಂಡು ಊರಿಗೆ ಕಳಿಸಿದಳು. ಆಮೇಲೆ ಸರಕಾರವೇ ಮನಿಯಾರ್ಡರ್ ಕಚೇರಿ ತೆರೆಯಿತು. ಆರು ತಿಂಗಳೊಳಗೆ 71,000 ಪೌಂಡು ಮನೆಗಳಿಗೆ ಹೋಯಿತು. ಓದಲು ಕೋಣೆ, ಕಾಫಿ ಅಂಗಡಿ, ಅಕ್ಷರ ಕಲಿಸಲು ಮಾಸ್ತರರು, ಇವೆಲ್ಲ ಆಕೆಯ ಓಡಾಟದಿಂದಲೇ ಆದವು. ಗೋಕಾಕದ ಹತ್ತಿರದ ನಮ್ಮ ಹಳ್ಳಿಗೆ ಅಪ್ಪನ ಮನಿಯಾರ್ಡರ್ ಬಂದ ದಿನ ಅಜ್ಜಿ ಹೆಬ್ಬೆಟ್ಟು ಒತ್ತಿ, ಮಸಿ ಒರೆಸಿಕೊಳ್ಳದೆ ಓಣಿಯೆಲ್ಲ ತಿರುಗಿ ಬರುತ್ತಿದ್ದಳಂತೆ. ಆ 71,000 ಪೌಂಡಿನ ಅಂಕಿ ಓದುವಾಗ ನನಗೆ ಕಂಡದ್ದು ಅಜ್ಜಿಯ ಆ ಹೆಬ್ಬೆಟ್ಟು.

ಇಷ್ಟಾದರೂ ಸ್ಕುಟಾರಿಯಲ್ಲಿ ಸಾವು ನಿಲ್ಲಲಿಲ್ಲ, ಏರಿತು. 1855ರ ಫೆಬ್ರವರಿಯಲ್ಲಿ ಆಸ್ಪತ್ರೆ ಸೇರಿದ ನೂರು ಜನರಲ್ಲಿ 42.7ರಷ್ಟು ಸತ್ತರು. ಮಾರ್ಚಿನಲ್ಲಿ ಲಂಡನ್ನಿನಿಂದ ನೈರ್ಮಲ್ಯದ ಒಂದು ಕಮಿಶನ್ ಬಂತು. ಬಂದವರು ಕಟ್ಟಡದ ಬುಡ ನೋಡಿದರು. ಇಡೀ ಆಸ್ಪತ್ರೆ ನಿಂತಿದ್ದು ಹೂತು ಕಟ್ಟಿಕೊಂಡ ಗಟಾರಗಳ ಮೇಲೆ! ಕುಡಿಯುವ ನೀರಿನ ಕಾಲುವೆಯಲ್ಲಿ ಸತ್ತ ಕುದುರೆ. 556 ಕೈಗಾಡಿ ಕಸ ಹೊರಗೆ ಹೋಯಿತು. ಗಟಾರ ತೊಳೆಸಿ, ಸುಣ್ಣ ಹೊಡೆಸಿ, ಕಿಟಕಿ ತೆರೆಸಿದರು. ಜೂನ್ ಹೊತ್ತಿಗೆ ನೂರಕ್ಕೆ 2.2.

ಇಲ್ಲಿದೆ ನೋಡಿರಿ ಆಕೆಯ ಬದುಕಿನ ಮುಳ್ಳು. ಯುದ್ಧ ಮುಗಿದು, ಸ್ವಾಗತದ ಗದ್ದಲ ತಪ್ಪಿಸಲು ಮಿಸ್ ಸ್ಮಿತ್ ಎಂಬ ಹೆಸರಿನಲ್ಲಿ 1856ರ ಆಗಸ್ಟಿನಲ್ಲಿ ಆಕೆ ಗುಟ್ಟಾಗಿ ಊರು ಸೇರಿದಳು. ದೇಶವೆಲ್ಲ ಆಕೆಯನ್ನು ದೇವತೆ ಮಾಡಿತ್ತು. ಆಕೆ ಮಾತ್ರ, ಸಾವುಗಳಿಗೆಲ್ಲ ಆಹಾರದ ಕೊರತೆ, ಚಳಿ, ತಡವಾಗಿ ಕಳಿಸಿದ್ದು ಇವೇ ಕಾರಣವೆಂದು ಇನ್ನೂ ನಂಬಿದ್ದಳು. ಆಮೇಲೆ ವಿಲಿಯಂ ಫಾರ್ ಎಂಬ ಲೆಕ್ಕತಜ್ಞನ ಜೊತೆ ಕೂತು ಅಂಕಿಗಳನ್ನು ಜೋಡಿಸಿದಳು. ಗಟಾರ ತೊಳೆಯುವ ಮುಂಚೆ ಇಷ್ಟು, ಆಮೇಲೆ ಇಷ್ಟು. ದಿಣ್ಣೆಯ ಮೇಲಿನ ಹರಕು ಡೇರೆಗಳ ದವಾಖಾನೆಗಿಂತ ತನ್ನ ಸ್ಕುಟಾರಿಯಲ್ಲೇ ಹೆಚ್ಚು ಜನ ಸತ್ತದ್ದು ಕಣ್ಣಿಗೆ ಬಿತ್ತು. ಅಂದರೆ ತಾನು ಕಂದೀಲು ಹಿಡಿದು ಸುತ್ತಿದ ಆ ಮನೆಯೇ ಕೊಲ್ಲುತ್ತಿತ್ತು, ತಾನು ಅದನ್ನು ಕಾಣಲಿಲ್ಲ. 1857ರಲ್ಲಿ ಆಕೆಯ ಆರೋಗ್ಯ ಕುಸಿದು ಬಿದ್ದದ್ದಕ್ಕೆ ಈ ಅರಿವೇ ಕಾರಣ ಎಂದು ಕೆಲವು ಚರಿತ್ರೆಕಾರರು ಹೇಳುತ್ತಾರೆ, ಕ್ರಿಮಿಯದಲ್ಲಿ ಹತ್ತಿದ ಜ್ವರದ ಶೇಷ ಎಂದು ಇನ್ನು ಕೆಲವರು. ಎರಡೂ ಇರಬಹುದು. ನನಗೆ ದೊಡ್ಡದಾಗಿ ಕಾಣುವುದು ಬೇರೆ. ಆ ಅಂಕಿಗಳನ್ನು ಆಕೆ ಬಚ್ಚಿಡಬಹುದಿತ್ತು. ಬಚ್ಚಿಡಲಿಲ್ಲ. ಬಣ್ಣದ ಚಿತ್ರ ಮಾಡಿಸಿ, 1858ರಲ್ಲಿ ಅಚ್ಚು ಹಾಕಿಸಿ ಮಂತ್ರಿಗಳಿಗೂ ಡಾಕ್ಟರರಿಗೂ ಹಂಚಿದಳು. ಗುಂಡು ತಗಲಿ ಸತ್ತವರ ಭಾಗ ಅದರಲ್ಲಿ ಸಣ್ಣದು, ತಡೆಯಬಹುದಾಗಿದ್ದ ರೋಗದಿಂದ ಸತ್ತವರ ನೀಲಿ ಭಾಗ ರೆಕ್ಕೆಯ ಹಾಗೆ ಚಾಚಿಕೊಂಡಿದೆ. ನಮ್ಮ ತರಗತಿಯಲ್ಲಿ ಮೇಷ್ಟ್ರು ಆ ಚಿತ್ರವನ್ನು ಹಲಗೆಯ ಮೇಲೆ ಬರೆದು ತೋರಿಸಿದ್ದರು, ಪರೀಕ್ಷೆಗೆ ಬರುತ್ತದೆ ಅಂತ. ಅದು ಒಬ್ಬಾಕೆ ತನ್ನ ಮೇಲೆಯೇ ಬರೆದ ಆರೋಪಪಟ್ಟಿ ಎಂದು ಯಾರೂ ಹೇಳಿರಲಿಲ್ಲ.

ಅಲ್ಲಿಂದ ಮುಂದೆ ಆಕೆ ಹೆಚ್ಚಾಗಿ ಹಾಸಿಗೆಯಿಂದಲೇ ಕೆಲಸ ಮಾಡಿದಳು. ಯುದ್ಧವಿಲ್ಲದ ಹೊತ್ತಿನ ಸಿಪಾಯಿ ಹೇಗೆ ಬದುಕುತ್ತಾನೆ ಎಂದು ಕೇಳಲು ಶುರು ಮಾಡಿದಳು. ಇಂಗ್ಲೆಂಡಿನ ಬ್ಯಾರಕ್ಕುಗಳಲ್ಲೇ, ಆರಿಸಿ ತಂದ ಗಟ್ಟಿಮುಟ್ಟಾದ ಹುಡುಗರು ಊರಿನ ಸಾಮಾನ್ಯ ಹುಡುಗರಿಗಿಂತ ಹೆಚ್ಚಾಗಿ ಸಾಯುತ್ತಿದ್ದರು. ಒಂದು ಕೋಣೆಯಲ್ಲಿ ಮಂಚಕ್ಕೆ ಮಂಚ ತಾಗಿಸಿ ಮಲಗುವುದು, ಕಿಟಕಿ ಮುಚ್ಚಿರುವುದು, ರಾತ್ರಿಯ ಮೂತ್ರದ ತೊಟ್ಟಿ ಕೋಣೆಯ ನಡುವೆಯೇ. ನೂರು ಜನರಿಗೆ ಆರು ಜನರ ಹೆಂಡಿರಿಗೆ ಮಾತ್ರ ಬ್ಯಾರಕ್ಕಿನಲ್ಲಿ ಇರಲು ಪರವಾನಗಿ. ಅವರು ಆ ಕೋಣೆಯ ಮೂಲೆಯಲ್ಲಿ ಒಂದು ಕಂಬಳಿ ಇಳಿಬಿಟ್ಟುಕೊಂಡು ಅದರ ಹಿಂದೆಯೇ ಸಂಸಾರ ಮಾಡಬೇಕು, ಹೆರಬೇಕು. ತಪ್ಪಿಗೆ ಚಾವಟಿ. 1846ರಲ್ಲಿ ಐವತ್ತು ಏಟಿನ ಮಿತಿ ಹಾಕಿದ್ದೇ ದೊಡ್ಡ ದಯೆ, ಪೂರಾ ನಿಂತದ್ದು 1881ರಲ್ಲಿ.

1859ರಲ್ಲಿ ಹಿಂದುಸ್ತಾನದ ಸೈನ್ಯದ ಆರೋಗ್ಯದ ಬಗ್ಗೆ ರಾಯಲ್ ಕಮಿಶನ್ ನೇಮಕವಾಯಿತು. ಆಕೆ ಹೆಂಗಸಾದ್ದರಿಂದ ಅದರ ಸದಸ್ಯೆಯಾಗುವಂತಿರಲಿಲ್ಲ, ಆದರೆ ಅದರ ಬೆನ್ನೆಲುಬು ಆಕೆಯೇ. ಪ್ರತಿಯೊಂದು ದಂಡಿಗೂ ಪ್ರಶ್ನೆಗಳ ಪಟ್ಟಿ ಕಳಿಸಿದಳು. ನೀರು ಎಲ್ಲಿಂದ, ಮಂಚಗಳ ನಡುವೆ ಎಷ್ಟು ಜಾಗ, ಕಕ್ಕಸಿನಿಂದ ಬಾವಿಗೆ ಎಷ್ಟು ದೂರ. ಉತ್ತರಗಳು ಗಾಡಿಗಟ್ಟಲೆ ಬಂದವು. ಎರಡು ಸಂಪುಟಗಳ ವರದಿ 1863ರಲ್ಲಿ ಹೊರಬಂತು. ಅದರಲ್ಲಿ ಬರುವ ಗೋರಾ ಸಿಪಾಯಿಯ ದಿನಚರಿ ಕ್ರಿಮಿಯದ ದಿನಚರಿಗೆ ತದ್ವಿರುದ್ಧ. ನಸುಕಿನಲ್ಲಿ ಪರೇಡು, ಆಮೇಲೆ ಬಿಸಿಲು ಏರಿತೆಂದು ಒಳಗೆ ಕೂಡಿಹಾಕುವುದು. ತಿನ್ನು, ಮಲಗು, ಮತ್ತೆ ತಿನ್ನು, ಮತ್ತೆ ಮಲಗು, ಸಂಜೆಗೆ ಕ್ಯಾಂಟೀನಿನಲ್ಲಿ ಸಾರಾಯಿ. ಭಿಸ್ತಿ ಚರ್ಮದ ಚೀಲದಲ್ಲಿ ತಂದು ಸುರಿದದ್ದೇ ನೀರು. ಸಾವಿರಕ್ಕೆ ವರ್ಷಕ್ಕೆ 69 ಸಾವು. ನಾನು ಕಾಗದದ ಮೇಲೆ ಲೆಕ್ಕ ಹಾಕಿದೆ. ಸಾವಿರ ಜನರ ಪಲ್ಟನ್ನಿಗೆ ಹೊಸಬರನ್ನು ಸೇರಿಸದೆ ಬಿಟ್ಟರೆ ಹತ್ತು ವರ್ಷಕ್ಕೆ ಉಳಿಯುವವರು 489, ಒಂದು ಯುದ್ಧವನ್ನೂ ಮಾಡದೆ.

ಆ ವರದಿಯಲ್ಲಿ ನಮ್ಮ ಬೆಂಗಳೂರೂ ಇದೆ. ಹಲಸೂರು ಕೆರೆಗೆ ದಂಡಿನ ಪೇಟೆಯ ಹೊಲಸೆಲ್ಲ ಹರಿದು ಬರುತ್ತಿತ್ತು, ಅದೇ ಕೆರೆಯ ನೀರನ್ನೇ ಕುಡಿಯುತ್ತಲೂ ಇದ್ದರು. ಲಂಡನ್ನಿನ ಒಂದು ಕೋಣೆಯಲ್ಲಿ ಮಲಗಿದ್ದಾಕೆಗೆ ಹಲಸೂರು ಕೆರೆಯ ವಾಸನೆ ತಟ್ಟಿತು. ದೇಶೀ ಸಿಪಾಯಿಯ ಸ್ಥಿತಿ ಇನ್ನೂ ಬೇರೆ. ತಿಂಗಳಿಗೆ ಏಳು ರೂಪಾಯಿ ಪಗಾರ, ಇರಲು ಗುಡಿಸಲು ಅವನೇ ಕಟ್ಟಿಕೊಳ್ಳಬೇಕು. ಆಸ್ಪತ್ರೆ ಸೇರಿದರೆ ಹಾಸಿಗೆ ಅವನದೇ, ಅಡುಗೆ ಅವನ ಕಡೆಯವರದೇ. ಆಕೆಯ ಮೊದಲ ಕಾಳಜಿ ಗೋರಾ ಸಿಪಾಯಿಯೇ ಆಗಿತ್ತು, ಸುಳ್ಳು ಹೇಳಬಾರದು. ಸಾಮ್ರಾಜ್ಯ ಇರಬಾರದು ಎಂದು ಆಕೆ ಎಂದೂ ಯೋಚಿಸಿದವಳಲ್ಲ. ಆದರೆ ದಂಡಿನ ಗಟಾರ ತೊಳೆಯಲು ಹೋದರೆ ಪಕ್ಕದ ಪೇಟೆಯ, ಅದರಾಚೆಯ ಹಳ್ಳಿಯ ಗಟಾರ ಕಾಣಲೇಬೇಕಲ್ಲ. ವರ್ಷಗಳು ಕಳೆದಂತೆ ಆಕೆ ರೈತರ ಸಾಲ, ನೀರಾವರಿ, ಬರಗಾಲ ಇವುಗಳ ಮೇಲೆ ಬರೆಯತೊಡಗಿದಳು. ನಮ್ಮ ಇದೇ ಪುಣೆಯ ಸಾರ್ವಜನಿಕ ಸಭೆಯವರೊಡನೆ ಹಳ್ಳಿಗಳ ನೈರ್ಮಲ್ಯದ ಕುರಿತು ಪತ್ರವ್ಯವಹಾರ ಮಾಡಿದಳು. ವೈಸರಾಯರು ಹೊರಡುವ ಮುಂಚೆ ಆಕೆಯನ್ನು ಕಂಡು ಬರುವುದು ವಾಡಿಕೆಯಂತೆಯೇ ಆಯಿತು. ನಲವತ್ತು ವರ್ಷ ಈ ದೇಶದ ಕೆಲಸ ಮಾಡಿದವಳು ಒಮ್ಮೆಯೂ ಇಲ್ಲಿಗೆ ಬರಲಿಲ್ಲ. 1873ರ ಹೊತ್ತಿಗೆ ಆ 69 ಇಳಿದು 18 ಆಗಿತ್ತು.

ದೋಷಗಳೂ ಇದ್ದವು. ರೋಗಕ್ಕೆ ಕ್ರಿಮಿ ಕಾರಣ ಎಂಬುದನ್ನು ಬಹಳ ಕಾಲ ಒಪ್ಪಲಿಲ್ಲ, ಕೆಟ್ಟ ಗಾಳಿ ಎಂದೇ ಹಟ ಹಿಡಿದಳು. ಅದೇ ಕ್ರಿಮಿಯದಲ್ಲಿ ಸಿಪಾಯಿಗಳಿಗೆ ಊಟ, ಔಷಧಿ ಕೊಟ್ಟ ಜಮೈಕಾದ ಮೇರಿ ಸೀಕೋಲ್ ಎಂಬಾಕೆಯ ಬಗ್ಗೆ ಆಕೆಯ ಮನಸ್ಸು ಉದಾರವಾಗಿರಲಿಲ್ಲ. ಜೊತೆಗೆ ದುಡಿದವರನ್ನು ಗಾಣದ ಎತ್ತಿನ ಹಾಗೆ ದುಡಿಸಿದಳು. ಸಿಡ್ನಿ ಹರ್ಬರ್ಟ್ 1861ರಲ್ಲಿ ಸಾಯುವವರೆಗೂ ಆಕೆಯ ಕಡತಗಳಿಂದ ಬಿಡುಗಡೆ ಪಡೆಯಲಿಲ್ಲ. ಅಕ್ಕನಿಗೆ ಇದನ್ನೆಲ್ಲ ಹೇಳಿದರೆ ಸಿಟ್ಟು. 1860ರಲ್ಲಿ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ಹೆಸರಿನ ಶಾಲೆ ಶುರುವಾಗದಿದ್ದರೆ ನಾನು ಈ ಬಿಳಿ ಬಟ್ಟೆ ತೊಡುತ್ತಿದ್ದೆನೇನು ಅಂತ ಕೇಳುತ್ತಾಳೆ. ಅದೂ ಸರಿಯೇ.

ಕೊನೆಯ ವರ್ಷಗಳಲ್ಲಿ ಕಣ್ಣು ಹೋಯಿತು, ನೆನಪೂ ಹೋಯಿತು. 1910ರ ಆಗಸ್ಟ್ 13ರಂದು ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡಳು. ಹಿಂದೆ ರಾಜರನ್ನು ಹೂಳುತ್ತಿದ್ದ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಜಾಗ ಕೊಡಲು ಬಂದರು. ಆಡಂಬರ ಬೇಡವೆಂದು ಆಕೆ ಮೊದಲೇ ಬರೆದಿಟ್ಟಿದ್ದಳು. ಹ್ಯಾಂಪ್‌ಶೈರಿನ ಈಸ್ಟ್ ವೆಲ್ಲೋ ಎಂಬ ಹಳ್ಳಿಯ ಚರ್ಚಿನ ಅಂಗಳದಲ್ಲಿ ತಂದೆತಾಯಿಯರ ಹತ್ತಿರ ಹೂಳಿದರು. ಕಲ್ಲಿನ ಮೇಲೆ ಆಕೆಗಾಗಿ ಕೆತ್ತಿದ್ದು ಹೆಸರಿನ ಎರಡು ಮೊದಲಕ್ಷರ ಮತ್ತು ಎರಡು ತಾರೀಖು. ಪೆಟ್ಟಿಗೆಗೆ ಹೆಗಲು ಕೊಟ್ಟವರು ಸೈನ್ಯದ ಆರು ಜನ ಸಾರ್ಜೆಂಟರು.

ಬರೆದದ್ದನ್ನು ರಾತ್ರಿ ಊಟವಾದ ಮೇಲೆ ಅಪ್ಪನಿಗೆ ಓದಿ ತೋರಿಸಿದೆ. ಕಾಫಿ ಬೀಜದ ಹತ್ತಿರ ಬಂದಾಗ ಬಾಯಿ ಬಿಟ್ಟು ಬೈದರು, ಯಾರನ್ನು ಎಂದು ಹೇಳಲಿಲ್ಲ. ಕಂದೀಲಿಗೆ ಬಟ್ಟೆಯ ಮರೆ ಇತ್ತು ಅಂದಾಗ, ಹಾಂ, ಹಂಗನ್ನು ಮತ್ತ ಅಂದರು. ಕೊನೆಗೆ ಸಾರ್ಜೆಂಟ್ ಅಂದರೆ ನಮ್ಮ ಹವಾಲ್ದಾರ ಇದ್ದಂಗ ಅಲ್ಲೇನು ಅಂತ ಕೇಳಿದರು. ಅಪ್ಪ ರಿಟೈರಾದದ್ದು ಹವಾಲ್ದಾರರಾಗಿ. ಹೌದು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಆರು ಮಂದಿಗೆ ಅವತ್ತು ಡ್ಯೂಟಿ ಮಾಫ್ ಮಾಡಿರತಾರ ಬಿಡು ಅಂದು ದೀಪ ಆರಿಸಿ ಮಲಗಿದರು.